ಸಾವಿರ ಡಾಲರಿನ ಸ್ಕಾಲರ್‌ಶಿಪ್ ಯಾಕೆ ದೊಡ್ಡದು?

ಪ್ರಶ್ನೆ: ಅಕ್ಕಾ, ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಗಳು ಹನ್ನೊಂದನೇ ಕ್ಲಾಸು, ಮಾರ್ಕ್ಸ್ ಚೆನ್ನಾಗಿದೆ. ಕಂಪ್ಯೂಟರ್ ಸೈನ್ಸ್ ಓದಬೇಕಂತೆ, ಅದೂ ಬೇರೆ ರಾಜ್ಯಕ್ಕೆ ಹೋಗಿ! ಹೊರ ರಾಜ್ಯದವರ ಫೀಸ್ ನೋಡಿದರೆ ಎದೆ ಧಸಕ್ಕೆನ್ನುತ್ತೆ. ಮೆರಿಟ್ ಸ್ಕಾಲರ್‌ಶಿಪ್ ನಂಬಿಕೊಂಡು ಹೋಗಬಹುದಾ? ನಾವಿನ್ನೂ ಕೆಲಸದ ವೀಸಾ ಎಚ್-1ಬಿಯಲ್ಲೇ ಇದ್ದೇವೆ.
– ಒಬ್ಬ ತಾಯಿ

ಉತ್ತರ: ನಂಬಬಹುದು ತಂಗಿ, ಆದರೆ ಕಾಲೇಜು ನೋಡಿ ನಂಬಬೇಕು. ಟೆಕ್ಸಾಸ್‌ನ ಪ್ಲೇನೋದ ನಮ್ಮ ಮನೆಯ ಊಟದ ಮೇಜಿನ ಮೇಲೆ ಮಾರ್ಚ್ ಬಂತೆಂದರೆ ಯಾರದಾದರೂ ಮಗುವಿನ ಅಡ್ಮಿಷನ್ ಪತ್ರ ಇದ್ದೇ ಇರುತ್ತೆ. ಎಲ್ಲರೂ ಮೊದಲು ತೋರಿಸೋದು ಸ್ಕಾಲರ್‌ಶಿಪ್ ಮೊತ್ತ. ನಾನು ಕೇಳೋದು, ಅದನ್ನು ಕಳೆದು ಕಟ್ಟಬೇಕಾದ್ದು ಎಷ್ಟು ಅಂತ.

ಫೀಸ್ ಹೊರಗಿನವರಿಗೆ 40,000 ಡಾಲರ್, ಅಲ್ಲಿಯವರಿಗೆ 14,000 ಅಂತಿಟ್ಟುಕೊಳ್ಳಿ. 10,000 ಸ್ಕಾಲರ್‌ಶಿಪ್ ಕೊಟ್ಟರೂ ವರ್ಷಕ್ಕೆ 30,000 ನಿಮ್ಮ ತಲೆ ಮೇಲೇ. ಪತ್ರದಲ್ಲಿ ಅಭಿನಂದನೆ ಮಾತ್ರ ಧಾರಾಳ.

ನಮ್ಮ ಟೆಕ್ಸಾಸ್‌ನಲ್ಲಿ ಬೇರೆಯದೇ ಲೆಕ್ಕ. ಇಲ್ಲಿನ ಸರ್ಕಾರಿ ಯೂನಿವರ್ಸಿಟಿ ಸ್ಪರ್ಧೆಯ ಮೇಲೆ ಕೊಡುವ ಸ್ಕಾಲರ್‌ಶಿಪ್ ಕನಿಷ್ಠ 1,000 ಡಾಲರ್ ಸಿಕ್ಕಿದರೆ, ಹೊರಗಿನ ಮಗುವಿಗೂ ಟೆಕ್ಸಾಸ್ ಮಕ್ಕಳ ಫೀಸನ್ನೇ ಹಾಕಲು ರಾಜ್ಯದ ಕಾನೂನಿನಲ್ಲಿ ಅವಕಾಶವಿದೆ. ಮೇಲಿನ ಲೆಕ್ಕಕ್ಕೆ ಇದನ್ನು ಹಾಕಿ ನೋಡಿ: 40,000 ಇದ್ದದ್ದು 14,000ಕ್ಕೆ ಇಳಿದು, ಅದರಲ್ಲೂ ಸಾವಿರ ಕಳೆಯುತ್ತೆ. ಬೇರೆ ದೇಶದ ಪ್ರಜೆಗಳಿಗೂ ಇದು ಸಿಗುತ್ತೆ, ಹಾಗಾಗಿ ಎಚ್-4ರಲ್ಲಿರುವ (ಎಚ್-1ಬಿಯವರ ಮಕ್ಕಳಿಗೆ ಸಿಗುವ ವೀಸಾ) ನಿಮ್ಮ ಹುಡುಗಿಗೂ ಬಾಗಿಲು ಮುಚ್ಚಿಲ್ಲ. ಆದರೆ ಎಲ್ಲ ಸಾವಿರ ಡಾಲರಿಗೂ ಈ ಭಾಗ್ಯವಿಲ್ಲ. ಟೆಕ್ಸಾಸ್ ಮಕ್ಕಳ ಜೊತೆ ಸ್ಪರ್ಧಿಸಿ ಪಡೆದದ್ದಾಗಿರಬೇಕು, ಎಷ್ಟು ಜನಕ್ಕೆ ಕೊಡಬಹುದು ಅನ್ನೋದಕ್ಕೂ ಮಿತಿಯಿದೆ. ರಿಚರ್ಡ್‌ಸನ್‌ನ ಯುಟಿ (ಯೂನಿವರ್ಸಿಟಿ ಆಫ್ ಟೆಕ್ಸಾಸ್) ಡಲ್ಲಾಸ್ ಈ ದಾರಿಗೆ ಹೆಸರಾದದ್ದು, ಕಂಪ್ಯೂಟರ್ ಸೈನ್ಸ್‌ಗೂ ಒಳ್ಳೆಯದೇ. ಯುಟಿ ಆಸ್ಟಿನ್‌ನಲ್ಲೂ ಇದೇ ಸಿಗುತ್ತೆ ಅಂತ ಲೆಕ್ಕ ಹಾಕಿ ಕೂರಬೇಡಿ.

ಅಲಬಾಮಾ ಯೂನಿವರ್ಸಿಟಿ ಇನ್ನೊಂದು ಥರ. ಹೊರ ರಾಜ್ಯದ ಮಕ್ಕಳಿಗೆ ಇಷ್ಟು ಜಿಪಿಎ (ಹೈಸ್ಕೂಲಿನ ಸರಾಸರಿ ಗ್ರೇಡ್), ಪ್ರವೇಶ ಪರೀಕ್ಷೆ ಎಸ್‌ಎಟಿಯಲ್ಲಿ ಇಷ್ಟು ಅಂಕ ಇದ್ದರೆ ಇಷ್ಟು ದುಡ್ಡು ಅಂತ ಪಟ್ಟಿಯನ್ನೇ ಹಾಕಿಬಿಡುತ್ತದೆ. ಅರ್ಜಿ ಹಾಕುವ ಮೊದಲೇ ಗೊತ್ತಾಗುತ್ತೆ, ಎಷ್ಟು ನೆಮ್ಮದಿ ಅಲ್ವಾ! ಪಟ್ಟಿ ಬದಲಾಗುತ್ತಿರುತ್ತೆ, ನಿಮ್ಮ ಮಗಳು ಸೇರುವ ವರ್ಷದ್ದನ್ನೇ ನೋಡಿ. ಬರ್ಕ್ಲಿ, ಮಿಶಿಗನ್ ಥರದ ಕಡೆ ಹೊರಗಿನವರಿಗೆ ಮೆರಿಟ್ ದುಡ್ಡು ಬಹಳ ಕಮ್ಮಿ. ಹೆಸರಿಗೇ ಜನ ಕ್ಯೂ ನಿಲ್ಲುವಾಗ ಅವರಾದರೂ ಯಾಕೆ ಕೊಡುತ್ತಾರೆ?

ವೀಸಾ ವಿಷಯ. ಅಮೆರಿಕದಲ್ಲೇ ಹೈಸ್ಕೂಲ್ ಓದುವ ಎಚ್-4 ಮಕ್ಕಳೂ ಅಕ್ಟೋಬರ್‌ನ ಪಿಎಸ್‌ಎಟಿ (ಎಸ್‌ಎಟಿಗೆ ಮೊದಲಿನ ಪರೀಕ್ಷೆ) ಅಂಕದ ಮೇಲೆ ನಡೆಯುವ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ ಸ್ಪರ್ಧೆಗೆ ಸೇರಬಹುದು. ಆದರೆ ಕೇಂದ್ರ ಸರ್ಕಾರದ ನೆರವು, ಸಾಲಗಳು ಅವರಿಗಿಲ್ಲ. ಕಾಲೇಜಿನದೇ ದುಡ್ಡಿಗೆ ಒಂದೊಂದು ಕಡೆ ಒಂದೊಂದು ನಿಯಮ. 21 ತುಂಬಿ ಎಚ್-4 ಮುಗಿದು ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾದರೂ ಸ್ಕಾಲರ್‌ಶಿಪ್ ಮುಂದುವರಿಯುತ್ತಾ, ನಾಲ್ಕೂ ವರ್ಷ ಸಿಗಲು ಎಷ್ಟು ಜಿಪಿಎ ಉಳಿಸಿಕೊಳ್ಳಬೇಕು, ಇವೆರಡನ್ನೂ ಇಮೇಲ್‌ನಲ್ಲೇ ಕೇಳಿ. ಫೋನಿನಲ್ಲಿ ಹೇಳಿದ್ದನ್ನು ಆಮೇಲೆ ಯಾರಿಗೆ ತೋರಿಸ್ತೀರಿ?

ಪಕ್ಕದಲ್ಲೇ ಇರುವ ನಿಮ್ಮ ರಾಜ್ಯದ ಯೂನಿವರ್ಸಿಟಿ ರಟ್ಗರ್ಸ್‌ಗೂ ಅರ್ಜಿ ಹಾಕಿಸಿ. ಮಗಳು ಮುಖ ಸಿಂಡರಿಸಲಿ ಬಿಡಿ, ಹೋಲಿಸಿ ನೋಡಲು ಒಂದು ಮೊತ್ತ ಬೇಕಲ್ಲ.