ಇಂಜಿನ್ ಸರಿ ಇದ್ದರೂ ಸಣ್ಣ ವಿಮಾನ ಮೋಡ ಹೊಕ್ಕ ಕೂಡಲೇ ಬೀಳುವುದೇಕೆ? ಹುಬ್ಬಳ್ಳಿಯಿಂದ ಮಳೆಗಾಲದಲ್ಲಿ ಗೋವಾ ಕಡೆ ಹಾರುವಾಗ ಏನು ನೋಡಿಕೊಳ್ಳಬೇಕು?

ಮೋಡ ಬೀಳಿಸುವುದಿಲ್ರೀ, ಬೀಳಿಸುವುದು ಪೈಲಟ್‌ನ ಒಳಕಿವಿ. ರೆಕ್ಕೆ ಸೆಕೆಂಡಿಗೆ ಸುಮಾರು 2 ಡಿಗ್ರಿಗಿಂತ ನಿಧಾನವಾಗಿ ವಾಲಿದರೆ ಕಿವಿಗೆ ಗೊತ್ತೇ ಆಗದು. ಒಂದೇ ಸಮನೆ ತಿರುಗುತ್ತಿದ್ದರೆ 20 ಸೆಕೆಂಡಿನೊಳಗೆ ಕಿವಿಯ ದ್ರವವೂ ಜೊತೆಗೇ ತಿರುಗಿ, ನೆಟ್ಟಗೆ ಹೋಗುತ್ತಿದ್ದೇನೆ ಅನ್ನಿಸುತ್ತದೆ. ಅಷ್ಟರಲ್ಲಿ ವಿಮಾನದ ಮೂಗು ತಗ್ಗಿ ವೇಗ ಏರುತ್ತಿರುತ್ತದೆ. ಎತ್ತರ ಉಳಿಸಿಕೊಳ್ಳಲು ಪೈಲಟ್ ಕಂಟ್ರೋಲ್ ಎಳೆಯುತ್ತಾನೆ. ರೆಕ್ಕೆ ವಾಲಿಯೇ ಇರುವುದರಿಂದ ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ.

1954ರಲ್ಲಿ ಅಮೆರಿಕದ ಇಲಿನಾಯ್ಸ್ ವಿಶ್ವವಿದ್ಯಾಲಯದಲ್ಲಿ ಉಪಕರಣ ನೋಡಿ ಹಾರಲು ಬಾರದ 20 ಜನರಿಗೆ ಹೊರಗಿನದೇನೂ ಕಾಣದಂತೆ ಮಾಡಿ ಪರೀಕ್ಷಿಸಿದರು. ಹಿಡಿತ ತಪ್ಪಲು ಸರಾಸರಿ 178 ಸೆಕೆಂಡ್ ಸಾಕಾಯಿತು. ಅನುಭವ ಇದ್ದರೆ ಬಚಾವು ಅನ್ನಬೇಡಿ. 2020ರ ಜನವರಿ 26ರಂದು ಅಪಘಾತದಲ್ಲಿ ಸತ್ತ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಇದ್ದ ಹೆಲಿಕಾಪ್ಟರ್‌ನ ಪೈಲಟ್‌ಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣ ನೋಡಿ ಹಾರುವ ಅರ್ಹತೆ) ಇತ್ತು. ಮೋಡದಲ್ಲಿ 4,000 ಅಡಿಗೆ ಏರುತ್ತಿದ್ದೇನೆ ಎಂದು ಆತ ರೇಡಿಯೊದಲ್ಲಿ ಹೇಳುವಾಗ ಹೆಲಿಕಾಪ್ಟರ್ ಎಡಕ್ಕೆ ವಾಲಿ ಇಳಿಯುತ್ತಿತ್ತು.

ಈಗ ಹುಬ್ಬಳ್ಳಿ ಲೆಕ್ಕ. ತಾಪಮಾನ 24, ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟುವ ತಾಪಮಾನ) 21 ಎಂದುಕೊಳ್ಳಿ. ಎರಡರ ಅಂತರದ ಪ್ರತಿ ಡಿಗ್ರಿಗೆ 400 ಅಡಿಯಂತೆ ಮೋಡದ ತಳ ನೆಲದಿಂದ ಸುಮಾರು 1,200 ಅಡಿ. ಕಂಟ್ರೋಲ್ ಝೋನ್‌ನಲ್ಲಿ (ನಿಲ್ದಾಣದ ಸುತ್ತಲಿನ ನಿಯಂತ್ರಿತ ವಾಯುಪ್ರದೇಶ) ವಿಎಫ್‌ಆರ್, ಅಂದರೆ ಹೊರಗೆ ಕಣ್ಣಿಟ್ಟು ಹಾರುವ ನಿಯಮದಡಿ, ಹೊರಡಲು ಸೀಲಿಂಗ್ (ಮೋಡದ ತಳದ ಎತ್ತರ) 1,500 ಅಡಿ, ಗೋಚರತೆ 5 ಕಿ.ಮೀ. ಬೇಕು. ಅಷ್ಟಿಲ್ಲದಿದ್ದರೆ ಟವರ್‌ನಿಂದ ಸ್ಪೆಷಲ್ ವಿಎಫ್‌ಆರ್ (ವಿಶೇಷ ಅನುಮತಿ) ಕೇಳಿ ಹೊರಡಬಹುದು, ಆದರೆ ಪಶ್ಚಿಮಕ್ಕೆ, ಅಂದರೆ ಗೋವಾ ಕಡೆಗೆ, ಬೇಡವೇ ಬೇಡ. ಮಳೆಗಾಲದ ಗಾಳಿ ಘಟ್ಟ ಹತ್ತಿ ಬರುವುದರಿಂದ ಯಲ್ಲಾಪುರ, ದಾಂಡೇಲಿ ಕಡೆ ಮೋಡ ಗುಡ್ಡದ ಮೇಲೇ ಕೂತಿರುತ್ತದೆ. ಗದಗ ಕಡೆ ಸಾಮಾನ್ಯವಾಗಿ ತಿಳಿಯಾಗಿರುತ್ತದೆ, ಆದರೆ ಕಪ್ಪತಗುಡ್ಡದ ಗಾಳಿಯಂತ್ರ ಮರೆಯಬೇಡಿ. ಇನ್ನೊಂದು: ಹುಬ್ಬಳ್ಳಿ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಮೇಲಿದೆ. ಕ್ಯೂಎನ್‌ಎಚ್ (ಸಮುದ್ರಮಟ್ಟದ ಒತ್ತಡ) ಹಾಕಿದ ಆಲ್ಟಿಮೀಟರ್, ಅಂದರೆ ಎತ್ತರಮಾಪಕ, ನಿಲ್ದಾಣದ ಮೇಲೆ 3,000 ತೋರಿಸಿದರೆ ನೆಲದಿಂದ ನೀವಿರುವುದು 830 ಅಡಿ ಅಷ್ಟೇ.

ಮೋಡದ ಕೆಳಗೇ ಇರಬೇಕೆಂದು ಮೊದಲ ಸಲ ಎತ್ತರ ಇಳಿಸುತ್ತೀರಲ್ಲ, ವಾಪಸ್ ತಿರುಗಬೇಕಾದ ಜಾಗ ಅದೇ. ‘ಇನ್ನೊಂದು ಐದು ನಿಮಿಷ ನೋಡೋಣ’ ಅನ್ನುವುದೇ ಹೆಚ್ಚಿನವರನ್ನು ಒಳಗೆ ಎಳೆಯುವುದು.

ಆದರೂ ಹೊಕ್ಕುಬಿಟ್ಟರೆ ಕೂಡಲೇ ತಿರುಗಿಸಬೇಡಿ. ಆರ್ಟಿಫಿಷಿಯಲ್ ಹೊರೈಜನ್ (ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಉಪಕರಣ) ನೋಡಿ ರೆಕ್ಕೆ ಸಮ ಮಾಡಿ, ಟ್ರಿಮ್ ಮಾಡಿ (ಕೈ ಒತ್ತಡವಿಲ್ಲದೆ ಮೂಗು ನಿಲ್ಲುವಂತೆ ಹೊಂದಿಸಿ), ಥ್ರಾಟಲ್ (ಇಂಜಿನ್ ಶಕ್ತಿಯ ಹಿಡಿ) ಮುಟ್ಟಬೇಡಿ. ಹತ್ತಿರ ಗುಡ್ಡವಿದ್ದರೆ ಮಾತ್ರ ಥ್ರಾಟಲ್ ಹೆಚ್ಚಿಸಿ ಮೊದಲು ನೆಟ್ಟಗೆ ಏರಿ. ಆಮೇಲೆ 90 ನಾಟ್‌ನಲ್ಲಿ 15 ಡಿಗ್ರಿ ವಾಲಿಸಿದರೆ ಒಂದು ನಿಮಿಷದಲ್ಲಿ ದಿಕ್ಸೂಚಿಯ 270ರಿಂದ (ಪಶ್ಚಿಮ) 090ಕ್ಕೆ (ಪೂರ್ವ) ಬರುತ್ತೀರಿ. 7 ಡಿಗ್ರಿ ಮುಂಚೆಯೇ ನೇರ ಮಾಡಲು ಶುರು ಮಾಡಿ. ಚಾರ್ಟ್ ಹುಡುಕಲು ತಲೆ ಬಗ್ಗಿಸಬೇಡಿ, ತಲೆ ಸುತ್ತು ಅಲ್ಲೇ ಹತ್ತುತ್ತದೆ. ಟವರ್‌ಗೆ ಹೇಳುವುದು ಇದೆಲ್ಲ ಆದ ಮೇಲೆ. ಉತ್ತರ ಸಿಗದಿದ್ದರೆ ರೇಡಿಯೊದ ತುರ್ತು ಫ್ರೀಕ್ವೆನ್ಸಿ 121.5, ಟ್ರಾನ್ಸ್‌ಪಾಂಡರ್‌ನಲ್ಲಿ (ರಾಡಾರ್‌ಗೆ ಗುರುತು ಕಳಿಸುವ ಸಾಧನ) ತುರ್ತು ಕೋಡ್ 7700.

ಸುರುಳಿಗೆ ಸಿಕ್ಕಿದ್ದರೆ ಕ್ರಮ ಬೇರೆ: ಥ್ರಾಟಲ್ ಪೂರ್ತಿ ಹಿಂದೆ, ರೆಕ್ಕೆ ಸಮ, ಕೊನೆಗೆ ಮೂಗು ಮೆಲ್ಲಗೆ ಮೇಲೆ. ರೆಕ್ಕೆ ಸಮವಾಗುವ ಮೊದಲೇ ಎಳೆದರೆ ವಿಮಾನವೇ ಮುರಿಯಬಹುದು.

ಇದಿಷ್ಟೂ ನಿಂತಿರುವುದು ಹೊರೈಜನ್ ಮೇಲೆ. ಹಾಗಾಗಿ ಟ್ಯಾಕ್ಸಿ ಮಾಡುವಾಗಲೇ ಗಮನಿಸಿ: ತಿರುವಿನಲ್ಲಿ ಅದು 5 ಡಿಗ್ರಿಗಿಂತ ಹೆಚ್ಚು ವಾಲಿದರೆ, ಅಥವಾ ಅದನ್ನು ನಡೆಸುವ ಗಾಳಿಯ ಸೆಳೆತ ತೋರಿಸುವ ವ್ಯಾಕ್ಯೂಮ್ ಗೇಜ್ ಹಸಿರು ಗೆರೆಯೊಳಗೆ ಇರದಿದ್ದರೆ, ಆ ವಿಮಾನ ಹ್ಯಾಂಗರ್‌ಗೆ ವಾಪಸ್.