ವಾರಕ್ಕೆ ಐದೇ ಗಂಟೆ ಸಿಗುವ ಆಟಗಾರರಿಗೆ

ಪ್ರಶ್ನೆ: ಮಾನ್ಯರೇ, ಕಾಲೇಜಿನ ದಿನಗಳಿಂದಲೂ ನಾನು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟ ಆಡುತ್ತಾ ಬಂದಿದ್ದೇನೆ. ಈಗ ಬ್ಯಾಂಕಿನ ಕೆಲಸ, ಮನೆಯಲ್ಲಿ ಒಂದೂವರೆ ವರ್ಷದ ಮಗು. ಮಗು ಮಲಗಿದ ಮೇಲೆ ದಿನಕ್ಕೆ ಒಂದು ಗಂಟೆ ಸಿಕ್ಕರೆ ಹೆಚ್ಚು. ವಾರಕ್ಕೆ ಎಲ್ಲ ಸೇರಿ ಐದು ಗಂಟೆ. ಹಳೆಯ ಗೆಳೆಯರ ಗಿಲ್ಡ್ (ಆಟಗಾರರ ಕೂಟ) ವಾರದಲ್ಲಿ ಎರಡು ರಾತ್ರಿ ಮೂರು ಮೂರು ಗಂಟೆ ರೇಡ್ (ದೊಡ್ಡ ಗುಂಪಾಗಿ ಬಲಿಷ್ಠ ಶತ್ರುಗಳ ಮೇಲೆ ಮಾಡುವ ದಾಳಿ) ನಡೆಸುತ್ತದೆ. ಮಗು ಎದ್ದದ್ದರಿಂದ ಎರಡು ಸಲ ನಾನು ಅರ್ಧಕ್ಕೇ ಎದ್ದು ಹೋಗಬೇಕಾಯಿತು. ಎಷ್ಟು ಆಡಿದರೂ ಹಿಂದೆ ಬೀಳುತ್ತಿದ್ದೇನೆ ಎಂಬ ಕೊರಗು ಕಾಡುತ್ತಿದೆ. ಆಟವನ್ನೇ ಬಿಡಬೇಕೆ? – ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಆಟವನ್ನು ಬಿಡಬೇಡಿ, ರೇಡ್ ತಂಡದಲ್ಲಿರುವ ಕಾಯಂ ಸ್ಥಾನವನ್ನು ಬಿಡಿ. ನಿಮ್ಮ ಪತ್ರದಲ್ಲಿ ಇವೆರಡೂ ಒಂದೇ ಎಂಬಂತೆ ಬೆರೆತುಹೋಗಿವೆ, ಕೊರಗಿನ ಬಹುಪಾಲು ಅಲ್ಲಿಂದಲೇ ಹುಟ್ಟಿದೆ ಎಂದು ನನಗೆ ತೋರುತ್ತದೆ. ವಾರಕ್ಕೆ ಆರು ಗಂಟೆ ಕೇಳುವ ತಂಡಕ್ಕೆ ಐದು ಗಂಟೆಯಿರುವವರು ಮಾತು ಕೊಟ್ಟರೆ ಎರಡೂ ಕಡೆಯವರಿಗೆ ಬೇಸರ ತಪ್ಪದು. ‘ನಾನು ಇನ್ನು ಬದಲಿ ಆಟಗಾರ, ಬಿಡುವಿದ್ದ ದಿನ ಮೊದಲೇ ತಿಳಿಸುತ್ತೇನೆ’ ಎಂದು ಗಿಲ್ಡ್ ಮುಖ್ಯಸ್ಥರಿಗೆ ಸ್ಪಷ್ಟವಾಗಿ ಹೇಳಿಬಿಡಿ. ಹಳೆಯ ಗೆಳೆಯರು ಇದನ್ನು ತಪ್ಪಾಗಿ ತಿಳಿಯಲಾರರು.

ಹಿಂದೆ ಬೀಳುವ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡೋಣ. ಈ ಆಟದ ದೊಡ್ಡ ವಿಸ್ತರಣೆಗಳು ಸರಿಸುಮಾರು ಎರಡು ವರ್ಷಕ್ಕೊಮ್ಮೆ, ಅಂದರೆ 2018, 2020, 2022 ಮತ್ತು 2024ರಲ್ಲಿ ಬಂದಿವೆ. ಪ್ರತಿ ವಿಸ್ತರಣೆಯೂ ಹಿಂದಿನ ರೇಡ್‌ಗಳಲ್ಲಿ ತಿಂಗಳುಗಟ್ಟಲೆ ಬೆವರು ಸುರಿಸಿ ಗಳಿಸಿದ ಆಯುಧ, ಕವಚಗಳನ್ನು ಹಳೆಯದಾಗಿಸುತ್ತದೆ. ಹೊಸ ಪ್ರದೇಶದಲ್ಲಿ ಆಟ ಒಪ್ಪಿಸುವ ಚಿಕ್ಕ ಕೆಲಸಗಳಾದ ಸಾಮಾನ್ಯ ಕ್ವೆಸ್ಟ್‌ಗಳಲ್ಲಿ ದೊರೆಯುವ ಸಾಮಗ್ರಿಯೇ ಅವುಗಳನ್ನು ಮೀರಿಸುತ್ತದೆ. ನಿಮ್ಮ ಗೆಳೆಯರ ಮುನ್ನಡೆಗೆ ಹೀಗೆ ಒಂದು ಅವಧಿಯಿದೆ, ಅದು ಮುಗಿದಾಗ ಎಲ್ಲರೂ ಮತ್ತೆ ಒಂದೇ ಗೆರೆಯ ಮೇಲೆ ನಿಲ್ಲುತ್ತಾರೆ. ಸದಾ ಮುಂಚೂಣಿಯಲ್ಲಿರುವುದಕ್ಕೆ ತೆರಬೇಕಾದ ಬೆಲೆ ಸಮಯ, ನಿಮ್ಮ ಬಳಿ ಈಗ ಇಲ್ಲದಿರುವುದೂ ಅದೇ.

ಕಡಿಮೆ ಆಡುವವರನ್ನು ಈ ಆಟ ಪೂರ್ತಿ ಮರೆತಿಲ್ಲ ಎನ್ನುವುದಕ್ಕೆ ನನಗೆ ಬಹಳ ಪ್ರಿಯವಾದ ಒಂದು ನಿದರ್ಶನವಿದೆ. 2004ರ ನವೆಂಬರ್‌ನಲ್ಲಿ ಬಿಡುಗಡೆಯಾಗುವ ಮುನ್ನ, ಪರೀಕ್ಷೆಯ ಹಂತದಲ್ಲಿ, ಹೆಚ್ಚು ಹೊತ್ತು ಆಡಿದವರಿಗೆ ಸಿಗುವ ಅನುಭವಾಂಕವನ್ನು (ಲೆವೆಲ್ ಏರಲು ಬೇಕಾದ ಅಂಕ) ತಗ್ಗಿಸುವ ವ್ಯವಸ್ಥೆಯಿತ್ತು. ಆಟಗಾರರಿಗೆ ಅದು ದಂಡದಂತೆ ಕಂಡಿತು. ತಯಾರಕರು ಅದೇ ಲೆಕ್ಕವನ್ನು ತಿರುಗಿಸಿ, ವಿಶ್ರಾಂತಿ ಪಡೆದು ಬಂದವರಿಗೆ ಶತ್ರುಗಳನ್ನು ಸೋಲಿಸಿದಾಗ ಎರಡು ಪಟ್ಟು ಅನುಭವಾಂಕವನ್ನು ಬಹುಮಾನವಾಗಿ ನೀಡತೊಡಗಿದರು. ಪಾತ್ರವನ್ನು ಊರಿನ ಛತ್ರದಲ್ಲಿ ನಿಲ್ಲಿಸಿ ಲಾಗ್ಔಟ್ ಮಾಡಿದರೆ ಪ್ರತಿ 8 ಗಂಟೆಗೆ ಒಂದು ಲೆವೆಲ್‌ನ ಶೇಕಡಾ 5ರಷ್ಟು ಈ ವಿಶ್ರಾಂತಿಯ ಲಾಭ ಜಮೆಯಾಗುತ್ತದೆ, ಹತ್ತು ದಿನ ಬಾರದಿದ್ದರೆ ಒಂದೂವರೆ ಲೆವೆಲ್‌ನಷ್ಟಾಗಿ ಅಲ್ಲಿಗೆ ನಿಲ್ಲುತ್ತದೆ. ಕಾಡಿನ ನಡುವೆ ಬಿಟ್ಟು ಹೋದರೆ ಇದರ ಕಾಲುಭಾಗದ ವೇಗ ಮಾತ್ರ. ಆದ್ದರಿಂದ ಆಟ ನಿಲ್ಲಿಸುವ ಕೊನೆಯ ಎರಡು ನಿಮಿಷವನ್ನು ಛತ್ರ ತಲುಪುವುದಕ್ಕೆ ಮೀಸಲಿಡಿ. ಗರಿಷ್ಠ ಲೆವೆಲ್ ಮುಟ್ಟಿದ ಪಾತ್ರಕ್ಕೆ ಇದರಿಂದ ಪ್ರಯೋಜನವಿಲ್ಲ, ಹೊಸ ಪಾತ್ರವೊಂದನ್ನು ನಿಧಾನವಾಗಿ ಬೆಳೆಸುವವರಿಗೆ ಬಹಳವಿದೆ.

ಮಗು ಎದ್ದುಬಿಡುವ ಮನೆಯಲ್ಲಿ ಇನ್ನೊಂದು ಅನುಕೂಲವೂ ಇದೆ. 2024ರ ಜನವರಿಯಿಂದ ಐವರ ತಂಡ ಶತ್ರುಗಳ ಗುಹೆ, ಕೋಟೆಗಳಿಗೆ ನುಗ್ಗುವ ಕೆಲವು ಡಂಜನ್‌ಗಳನ್ನು ಕಂಪ್ಯೂಟರ್ ನಡೆಸುವ ಸಂಗಡಿಗರೊಂದಿಗೇ ಆಡಬಹುದು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ‘ಡೆಲ್ವ್’ ಎಂಬ ಚಿಕ್ಕ ಸಾಹಸಗಳಿಗೆ ಒಬ್ಬರಿಂದ ಐವರ ತನಕ ಎಷ್ಟು ಜನರಾದರೂ ಸಾಕು. ಒಬ್ಬರೇ ಆಡುವಾಗ ನಡುವೆ ಎದ್ದು ಹೋದರೂ ಯಾರ ಸಂಜೆಯೂ ಕೆಡುವುದಿಲ್ಲ. ವಾರದ ದಿನಗಳಿಗೆ ಇವನ್ನು ಇಟ್ಟುಕೊಂಡು, ಗೆಳೆಯರ ಜೊತೆಗಿನ ಆಟವನ್ನು ಮನೆಯವರೊಂದಿಗೆ ಮೊದಲೇ ಮಾತಾಡಿಕೊಂಡ ಒಂದು ಶನಿವಾರಕ್ಕೆ ಎತ್ತಿಡಿ. ಆಟ ಮುಗಿಸುವಾಗ ಮುಂದೇನು ಮಾಡಬೇಕೆಂದು ಒಂದು ಚೀಟಿಯಲ್ಲಿ ಬರೆದಿಡಿ. ಸಿಗುವ ಅರವತ್ತು ನಿಮಿಷದಲ್ಲಿ ಹದಿನೈದು ನಿಮಿಷ ‘ಎಲ್ಲಿದ್ದೆ’ ಎಂದು ನೆನಪಿಸಿಕೊಳ್ಳುವುದರಲ್ಲೇ ಕಳೆಯುವುದನ್ನು ನಾನು ಬಲ್ಲೆ.

ತಿಂಗಳ ಚಂದಾ ಕಟ್ಟಿದ್ದೇನೆ, ಆಡದಿದ್ದರೆ ನಷ್ಟ ಎಂಬ ಭಾವನೆಯೂ ನಿಮ್ಮನ್ನು ಒತ್ತುತ್ತಿದ್ದರೆ ‘ಗಿಲ್ಡ್ ವಾರ್ಸ್ 2’ ನೋಡಬಹುದು. ಅದಕ್ಕೆ ಮಾಸಿಕ ಚಂದಾ ಇಲ್ಲ. 2012ರಲ್ಲಿ 80 ಇದ್ದ ಗರಿಷ್ಠ ಲೆವೆಲ್ ಇಂದಿಗೂ 80, ವರ್ಷ ಬಿಟ್ಟು ಬಂದರೂ ನಿಮ್ಮ ಕವಚ ಕೆಲಸಕ್ಕೆ ಬರುತ್ತದೆ. ಅದರ ದಿನದ ಕೆಲಸಗಳ ಲೆಕ್ಕ ನಮ್ಮ ಸಮಯ ಬೆಳಿಗ್ಗೆ 5:30ಕ್ಕೆ ಬದಲಾಗುವುದರಿಂದ ಬೇಗ ಏಳುವವರಿಗೂ ರಾತ್ರಿ ಆಡುವವರಿಗೂ ಅದು ಹೊಂದುತ್ತದೆ. ‘ಫೈನಲ್ ಫ್ಯಾಂಟಸಿ 14’ರ ಉಚಿತ ಆವೃತ್ತಿಯಲ್ಲಿ 70ನೇ ಲೆವೆಲ್‌ವರೆಗೆ ದಿನಗಳ ಮಿತಿಯಿಲ್ಲದೆ ಆಡಬಹುದು. ಅದರ ನಿರ್ಮಾಪಕ ನಾವೊಕಿ ಯೋಶಿಡಾ ಅವರೇ, ಬೇಕಿದ್ದರೆ ಬಿಟ್ಟುಹೋಗಿ ಬೇರೆ ಆಟಗಳನ್ನು ಆಡಿ, ಹೊಸ ಕಥೆ ಬಂದಾಗ ಮರಳಿ ಬನ್ನಿ ಎಂಬರ್ಥದಲ್ಲಿ ಬಹಿರಂಗವಾಗಿ ಹೇಳಿದ್ದಾರೆ. ಆದರೆ ಅಲ್ಲಿ ಮನೆ ಮಾತ್ರ ಕೊಳ್ಳಬೇಡಿ: 45 ದಿನ ಒಳಗೆ ಕಾಲಿಡದಿದ್ದರೆ ಆ ಮನೆಯನ್ನು ಕೆಡವಲಾಗುತ್ತದೆ. ಗೈರುಹಾಜರಿಗೆ ದಂಡ ವಿಧಿಸುವ ಯಾವುದನ್ನೂ ಐದು ಗಂಟೆಯ ಆಟಗಾರರು ಹೆಗಲಿಗೇರಿಸಿಕೊಳ್ಳಬಾರದು.

ಪ್ರಶ್ನೆ: ನಾನು ಆಸ್ಪತ್ರೆಯೊಂದರಲ್ಲಿ ಪಾಳಿಯ ಮೇಲೆ ಕೆಲಸ ಮಾಡುವ ದಾದಿ. ಮೊಬೈಲಿನಲ್ಲಿ ‘ಗೆನ್ಶಿನ್ ಇಂಪ್ಯಾಕ್ಟ್’ ಆಡುತ್ತೇನೆ. ಬಹುಮಾನ ಪಡೆಯಲು ಖರ್ಚು ಮಾಡುವ, ಹೊತ್ತು ಕಳೆದಂತೆ ತಾನೇ ತುಂಬುವ ರೆಸಿನ್ ಮಿತಿ ಮುಟ್ಟಿ ವ್ಯರ್ಥವಾಗುತ್ತದೆಂದು ನಿದ್ದೆಗೆಟ್ಟು ಎದ್ದದ್ದೂ ಉಂಟು. ಇದಕ್ಕೆ ಉಪಾಯವೇನು? – ಓದುಗರೊಬ್ಬರು, ಮಂಗಳೂರು

ಉತ್ತರ: ದಯವಿಟ್ಟು ನಿದ್ದೆಗೆಡಬೇಡಿ. ಪಾಳಿಯ ಕೆಲಸದವರ ನಿದ್ದೆಗೆ ಯಾವ ರೆಸಿನ್ನೂ ಸಮನಲ್ಲ. ಲೆಕ್ಕವನ್ನೂ ನೋಡಿ: 8 ನಿಮಿಷಕ್ಕೆ ಒಂದರಂತೆ 200 ರೆಸಿನ್ ತುಂಬಲು 1,600 ನಿಮಿಷ, ಅಂದರೆ 26 ಗಂಟೆ 40 ನಿಮಿಷ ಬೇಕು. ಪೂರ್ತಿ ಖರ್ಚು ಮಾಡಿ ಮಲಗಿದರೆ ಮರುದಿನ ಅದೇ ಹೊತ್ತಿಗೆ ಬಂದರೂ ಒಂದು ಹನಿಯೂ ವ್ಯರ್ಥವಾಗುವುದಿಲ್ಲ. ದಿನದ ನಾಲ್ಕು ಕೆಲಸಗಳ ಲೆಕ್ಕ ಏಷ್ಯಾ ಸರ್ವರಿನಲ್ಲಿ ನಮ್ಮ ಸಮಯ ರಾತ್ರಿ 1:30ಕ್ಕೆ ಬದಲಾಗುತ್ತದೆ, ಆದ್ದರಿಂದ ರಾತ್ರಿ ಪಾಳಿಗೆ ಹೊರಡುವ ಮುನ್ನ ಮುಗಿಸಿದರೆ ಸಾಕು. ವಿಶೇಷ ಪಾತ್ರಗಳಿಗಾಗಿ ನೀವು ಮಾಡಿದ ‘ವಿಶ್’ಗಳ (ಲಾಟರಿಯಂಥ ಅದೃಷ್ಟದ ಎಳೆತಗಳ) ಎಣಿಕೆ ಮುಂದಿನ ಪಾತ್ರದ ಸರದಿಗೂ ಹಾಗೆಯೇ ಮುಂದುವರಿಯುತ್ತದೆ; ತಿಂಗಳು ಬಿಟ್ಟು ಬಂದರೂ ಅದು ಅಳಿಸಿಹೋಗುವುದಿಲ್ಲ.

ಪ್ರಶ್ನೆ: ನನ್ನ ಪತಿ ದಿನವೂ ರಾತ್ರಿ ಒಂದು ಗಂಟೆ ಆನ್‌ಲೈನ್ ಆಟ ಆಡುತ್ತಾರೆ. ಕರೆದರೆ ‘ಈಗ ನಿಲ್ಲಿಸಲಾಗದು’ ಎನ್ನುತ್ತಾರೆ. ಇದು ಚಟವೇ? – ಓದುಗರೊಬ್ಬರು, ದಾವಣಗೆರೆ

ಉತ್ತರ: ಒಂದು ಗಂಟೆಯ ಆಟವನ್ನಷ್ಟೇ ನೋಡಿ ಚಟ ಎನ್ನಲಾಗದು. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗ ವರ್ಗೀಕರಣದಲ್ಲಿ ಆಟದ ವ್ಯಸನಕ್ಕೆ ಗಂಟೆಗಳ ಲೆಕ್ಕವಿಲ್ಲ; ಆಟದ ಮೇಲೆ ಹಿಡಿತ ತಪ್ಪಿರುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗಿರುವುದು, ಕೆಲಸ ಸಂಸಾರಗಳು ಕೆಡುತ್ತಿದ್ದರೂ ಆಟ ಮುಂದುವರಿಯುವುದು, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗೆ ನಡೆದಿರುವುದು ಅದರ ಲಕ್ಷಣಗಳು. ಇವು ಕಂಡುಬಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ನಡೆಯುತ್ತಿರುವ ‘ಶಟ್’ ಎಂಬ ತಂತ್ರಜ್ಞಾನ ವ್ಯಸನದ ಚಿಕಿತ್ಸಾಲಯವನ್ನು ಸಂಪರ್ಕಿಸಬಹುದು.

ನಿಮ್ಮ ಪತಿಯ ಮಾತಿನಲ್ಲಿ ಒಂದು ನಿಜವಿದೆ. ಬೇರೆಯವರ ಜೊತೆಗೂಡಿ ಆಡುವ ಇಂಥ ಆಟಗಳನ್ನು ಟಿವಿಯಂತೆ ನಡುವೆ ತಡೆಹಿಡಿಯಲು ಬರುವುದಿಲ್ಲ, ಒಬ್ಬರು ಎದ್ದರೆ ಉಳಿದ ನಾಲ್ವರು ಸಿಕ್ಕಿಬೀಳುತ್ತಾರೆ. ಹಾಗೆಂದು ನೀವು ಕಾಯುತ್ತಲೇ ಇರಬೇಕೆಂದಲ್ಲ. ಒಂದು ಡಂಜನ್ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹೊಸದನ್ನು ಆರಂಭಿಸುವ ಮೊದಲು ನಿಮಗೆ ಹೇಳಬೇಕು, ಮುಗಿಯುವ ಹೊತ್ತನ್ನೂ ತಿಳಿಸಬೇಕು ಎಂದು ಅವರಿಂದ ಒಪ್ಪಿಗೆ ಪಡೆಯಿರಿ. ಮನೆಯಲ್ಲಿ ಕೆಲಸವಿರುವ ದಿನ ತಂಡದ ಆಟ ಬೇಡ, ಒಬ್ಬರೇ ಆಡುವ ಕ್ವೆಸ್ಟ್‌ಗಳು ಸಾಕು ಎಂದೂ ಕೇಳಿ. ಅವನ್ನು ಕರೆದ ಕೂಡಲೇ ಬಿಟ್ಟು ಏಳಬಹುದು.