ಹಲ್ಲು ಕ್ಲೀನ್ ಮಾಡಿಸಲು ಹೋದರೆ ಬಯಾಪ್ಸಿ ಬರೆದುಕೊಟ್ಟರು, ಯಾಕೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಬಾಯಿ ಕ್ಯಾನ್ಸರ್ ಸುತ್ತಲೇ ಇವೆ. ಕೆಲವನ್ನು ಆರಿಸಿಕೊಂಡಿದ್ದೇನೆ. ಕೇಳಿದವರ ಹೆಸರು, ಊರು ಬಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 58 ವರ್ಷ. ಮೊದಲಿಂದಲೂ ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುತ್ತಾರೆ. ಹಲ್ಲು ಕ್ಲೀನ್ ಮಾಡಿಸಲು ಕರೆದುಕೊಂಡು ಹೋಗಿದ್ದೆ. ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ ಇದೆ, ನಡುವೆ ಕೆಂಪಗಿದೆ, ಬಯಾಪ್ಸಿ ಮಾಡಿಸಿ ಎಂದು ಬರೆದುಕೊಟ್ಟರು. ಅಪ್ಪನಿಗೆ ನೋವಿಲ್ಲ, ಚೆನ್ನಾಗಿ ಊಟ ಮಾಡುತ್ತಾರೆ. ಹಲ್ಲಿನ ಡಾಕ್ಟರಿಗೆ ಕ್ಯಾನ್ಸರ್ ಬಗ್ಗೆ ಏನು ಗೊತ್ತು, ಕಮಿಷನ್‌ಗೆ ಬರೆದಿದ್ದಾರೆ, ಚಾಕು ತಾಗಿಸಿದರೆ ಹರಡುತ್ತದೆ ಎನ್ನುತ್ತಿದ್ದಾರೆ ದೊಡ್ಡಪ್ಪ. ಏನು ಮಾಡಲಿ?

ಮಾಡಿಸಿ. ಹಬ್ಬ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ಕಾಯಬೇಡಿ.

ಮೊದಲು ನೋವಿನ ವಿಷಯ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಒಂದಿಷ್ಟು ನೋವು ಕೊಟ್ಟಿದ್ದರೆ ನಮ್ಮ ಕೆಲಸ ಅರ್ಧ ಕಡಿಮೆಯಾಗುತ್ತಿತ್ತು. ನೋವು, ರಕ್ತ, ಕುತ್ತಿಗೆಯಲ್ಲಿ ಗಂಟು ಇವೆಲ್ಲ ಬರುವ ಹೊತ್ತಿಗೆ ಕಾಯಿಲೆ ಮುಂದೆ ಹೋಗಿರುತ್ತದೆ. ಹಾಗಾಗಿ ನೋವಿಲ್ಲದ ಮಚ್ಚೆಯನ್ನು ಯಾರಾದರೂ ಕಂಡುಹಿಡಿಯಬೇಕು ಅಂದರೆ, ಆ ಮನುಷ್ಯ ಬೇರೆ ಯಾವುದೋ ಕಾರಣಕ್ಕೆ ಬಾಯಿ ತೆರೆದು ಕೂತಿರಬೇಕು, ಎದುರಿಗೆ ಬೆಳಕು, ಕನ್ನಡಿ ಹಿಡಿದು ನೋಡುವವರು ಇರಬೇಕು. ಅದು ನಡೆಯುವುದು ಹಲ್ಲಿನ ಡಾಕ್ಟರ ಕುರ್ಚಿಯಲ್ಲೇ. ನಿಮ್ಮ ತಂದೆಗೆ ಆಗಿದ್ದೂ ಅದೇ. ಆ ಡಾಕ್ಟರು ಹಲ್ಲಿನ ಕೊಳೆ ತೆಗೆದು ದುಡ್ಡು ತಗೊಂಡು ಸುಮ್ನೆ ಕಳಿಸಬಹುದಿತ್ತು, ಕಳಿಸಲಿಲ್ಲ.

ಹಲ್ಲಿನ ಡಾಕ್ಟರಿಗೆ ಏನು ಗೊತ್ತು ಅನ್ನುವುದಕ್ಕೆ ಉತ್ತರ: ಐದು ವರ್ಷದ ಬಿಡಿಎಸ್‌ನಲ್ಲಿ ಬಾಯಿಯ ಒಳಪೊರೆಯ ಕಾಯಿಲೆಗಳಿಗೇ ಬೇರೆ ವಿಷಯಗಳಿವೆ, ಬೇರೆ ಪರೀಕ್ಷೆಗಳಿವೆ. ಕೆನ್ನೆಯ ಮಚ್ಚೆ, ನಾಲಿಗೆಯ ಹುಣ್ಣು ನೋಡುವುದು ನಮ್ಮ ಕೆಲಸವೇ.

ಇನ್ನು ಮಚ್ಚೆ. ಉಜ್ಜಿದರೆ ಹೋಗದ, ಬೇರೆ ಕಾರಣ ಕಾಣದ ಬಿಳಿ ಮಚ್ಚೆಗೆ ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ. ಹೆಚ್ಚಿನವು ಕ್ಯಾನ್ಸರ್ ಆಗುವುದೇ ಇಲ್ಲ. ಆದರೆ ಬಿಳಿಯ ನಡುವೆ ಕೆಂಪು ಸೇರಿಕೊಂಡರೆ ಲೆಕ್ಕ ಬದಲಾಗುತ್ತದೆ, ಅಪಾಯ ಜಾಸ್ತಿ. ಬರೀ ಕಣ್ಣಿನಲ್ಲಿ ನೋಡಿ ಇದು ಹೌದು, ಇದು ಅಲ್ಲ ಎಂದು ಹೇಳುವುದು ಎಷ್ಟು ಅನುಭವ ಇರುವವರಿಗೂ ಆಗದು. ಅದಕ್ಕೇ ಬಯಾಪ್ಸಿ.

ಬಯಾಪ್ಸಿ ಅಂದರೆ ದೊಡ್ಡ ಆಪರೇಷನ್ ಅಲ್ಲ. ಹಲ್ಲು ಕೀಳುವಾಗ ಕೊಡುವಂಥದ್ದೇ ಮರಗಟ್ಟುವ ಇಂಜೆಕ್ಷನ್. ಮಚ್ಚೆಯ ಅನುಮಾನದ ಜಾಗದಿಂದ ಕೆಲವೇ ಮಿಲಿಮೀಟರ್ ಚೂರು ತೆಗೆಯುತ್ತಾರೆ, ಒಂದೆರಡು ಹೊಲಿಗೆ ಹಾಕುತ್ತಾರೆ. ಚೂರನ್ನು ಫಾರ್ಮಲಿನ್ ಇರುವ ಪುಟ್ಟ ಬಾಟಲಿಗೆ ಹಾಕಿ ಲ್ಯಾಬಿಗೆ ಕಳಿಸುತ್ತಾರೆ. ಅವತ್ತೇ ಮನೆಗೆ ಬರಬಹುದು, ಎರಡು ದಿನ ಖಾರ ಬಿಟ್ಟರೆ ಸಾಕು. ರಿಪೋರ್ಟ್ ಸಾಮಾನ್ಯವಾಗಿ ವಾರದಲ್ಲಿ ಬರುತ್ತದೆ. ಅದರಲ್ಲಿ ಡಿಸ್‌ಪ್ಲೇಸಿಯಾ ಅನ್ನುವ ಪದ ಕಂಡರೆ ಗಾಬರಿ ಬೇಡ, ಜೀವಕೋಶಗಳು ದಾರಿ ತಪ್ಪಲು ಶುರುಮಾಡಿವೆ ಎಂದರ್ಥ, ಕ್ಯಾನ್ಸರ್ ಎಂದಲ್ಲ. ಎಷ್ಟು ತಪ್ಪಿವೆ ಅನ್ನುವುದರ ಮೇಲೆ ಮಚ್ಚೆ ತೆಗೆಯಬೇಕೋ, ಕೆಲವು ತಿಂಗಳಿಗೊಮ್ಮೆ ನೋಡುತ್ತಾ ಇರಬೇಕೋ ಎಂದು ತೀರ್ಮಾನ ಮಾಡುತ್ತಾರೆ. ಕಡ್ಡಿಪುಡಿ, ಅಡಿಕೆ ಎರಡನ್ನೂ ಅವತ್ತಿನಿಂದಲೇ ಬಿಡಬೇಕು.

ಚಾಕು ತಾಗಿಸಿದರೆ ಹರಡುತ್ತದೆ ಅನ್ನುವ ಮಾತು ಎಲ್ಲಾ ಊರಲ್ಲೂ ಇದೆ. ಅದು ಹೇಗೆ ಹುಟ್ಟಿತು ಗೊತ್ತಾ? ಜನ ತಿಂಗಳುಗಟ್ಟಲೆ ಕಾದು, ಗಂಟು ಬಂದ ಮೇಲೆ ಬಯಾಪ್ಸಿ ಮಾಡಿಸುತ್ತಾರೆ. ಆಮೇಲೆ ಕೆಲವೇ ತಿಂಗಳಲ್ಲಿ ಕಾಯಿಲೆ ಉಲ್ಬಣಿಸುತ್ತದೆ. ಅಕ್ಕಪಕ್ಕದವರಿಗೆ ಕಂಡಿದ್ದು ಚಾಕು ಮಾತ್ರ, ಕಾದಿದ್ದು ಕಾಣಲಿಲ್ಲ. ದೊಡ್ಡಪ್ಪನವರನ್ನೂ ಜೊತೆಗೇ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.

ಪ್ರಶ್ನೆ: ನನಗೆ 24. ತಂಬಾಕು ಮುಟ್ಟಿಲ್ಲ, ಬರೀ ಅಡಿಕೆ ಪ್ಯಾಕೆಟ್, ದಿನಕ್ಕೆ ಆರೇಳು. ಈಗ ಖಾರ ತಿಂದರೆ ಬಾಯಿ ಉರಿಯುತ್ತದೆ. ಮೊನ್ನೆ ಪಾನಿಪುರಿ ಬಾಯೊಳಗೆ ಹೋಗಲಿಲ್ಲ, ಒಡೆದುಕೊಂಡು ತಿಂದೆ. ಗೆಳೆಯರು ನಗುತ್ತಿದ್ದಾರೆ.

ನಗುವ ವಿಷಯ ಅಲ್ಲ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಹೋಗದಿದ್ದರೆ ಇದೇ ವಾರ ದಂತವೈದ್ಯರ ಹತ್ತಿರ ಹೋಗಿ.

ನೀವು ಹೇಳುತ್ತಿರುವುದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಥರ ಇದೆ. ಕೆನ್ನೆಯ ಒಳಪೊರೆಯ ಕೆಳಗೆ ನಾರು ಕಟ್ಟಿಕೊಂಡು, ಮೆತ್ತಗಿದ್ದ ಕೆನ್ನೆ ಬಿರುಸಾಗುತ್ತದೆ. ಬೆರಳಲ್ಲಿ ಒತ್ತಿದರೆ ಒಳಗೆ ಪಟ್ಟಿ ಪಟ್ಟಿ ಸಿಗುತ್ತದೆ. ಇದಕ್ಕೆ ಮುಖ್ಯ ಕಾರಣ ಅಡಿಕೆಯೇ, ತಂಬಾಕು ಬೇಕೇ ಬೇಕು ಅಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿ 20 ವರ್ಷದ ಮೇಲಾಯಿತು. ಶಿವಮೊಗ್ಗ, ದಾವಣಗೆರೆ ಕಡೆಯ ಓದುಗರು ನನಗೆ ಬೈಯುತ್ತಾರೆ ಅಂತ ಗೊತ್ತು. ಅಡಿಕೆ ಬೆಳೆದು ಮಕ್ಕಳನ್ನು ಓದಿಸಿದ ಮನೆಗಳ ಬಗ್ಗೆ ನನಗೆ ಗೌರವವಿದೆ. ಆದರೆ ಕುರ್ಚಿಯಲ್ಲಿ ಕೂತ ಹುಡುಗನ ಬಾಯಿ ತೆರೆಯುತ್ತಿಲ್ಲ ಅಂದರೆ ನಾನು ಬೇರೆ ಏನು ಹೇಳಲಿ?

ಡಾಕ್ಟರು ಬಾಯಿ ಎಷ್ಟು ತೆರೆಯುತ್ತದೆ ಎಂದು ಮಿಲಿಮೀಟರಿನಲ್ಲಿ ಅಳೆದು ಬರೆದಿಡುತ್ತಾರೆ. ಆ ಸಂಖ್ಯೆ ನಿಮ್ಮ ಹತ್ತಿರವೂ ಇರಲಿ. ವ್ಯಾಯಾಮ, ಇಂಜೆಕ್ಷನ್, ಕೆಲವರಿಗೆ ಆಪರೇಷನ್ ಇದೆ. ಬಾಯಿ ಪೂರ್ತಿ ಮೊದಲಿನಂತೆ ಆಗುವುದು ಕಷ್ಟ. ಅಡಿಕೆ ಬಿಡದೆ ಇದ್ಯಾವುದೂ ಕೆಲಸ ಮಾಡುವುದಿಲ್ಲ. ಇದು ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುತ್ತದೆ, ಹಾಗಾಗಿ ಬಾಯಿ ಸ್ವಲ್ಪ ಸಡಿಲವಾಯಿತು ಎಂದು ತೋರಿಸುವುದನ್ನು ನಿಲ್ಲಿಸಬೇಡಿ.

ಪ್ರಶ್ನೆ: ಬಾಯಿ ಕ್ಯಾನ್ಸರ್ ಪತ್ತೆ ಮಾಡಲು ಹಲ್ಲಿನ ಕ್ಲಿನಿಕ್‌ಗಳಲ್ಲಿ ಮೆಷಿನ್ ಇರುತ್ತದೆಯಾ? ಎಷ್ಟು ಖರ್ಚು?

ಮೆಷಿನ್ ಬೇಡ. ಬೆಳಕು, ಎರಡು ಕನ್ನಡಿ, ಒಂದು ತುಂಡು ಗಾಜ್ ಬಟ್ಟೆ, ಗ್ಲೌಸ್ ಹಾಕಿದ ಬೆರಳು. ಐದು ನಿಮಿಷ.

ಸರಿಯಾಗಿ ನೋಡುವುದು ಹೀಗೆ. ಕಟ್ಟಿದ ಹಲ್ಲಿನ ಸೆಟ್ ಇದ್ದರೆ ಮೊದಲು ತೆಗೆಸುತ್ತಾರೆ, ಯಾಕೆಂದರೆ ಅದರ ಅಡಿಯಲ್ಲೇ ಹುಣ್ಣು ಅಡಗಿರಬಹುದು. ತುಟಿ ಮಡಚಿ ನೋಡುತ್ತಾರೆ. ಕೆನ್ನೆಯನ್ನು ಪೂರ್ತಿ ಹೊರಗೆಳೆದು, ಕೆಳದವಡೆಯ ಒಸಡು ಕೆನ್ನೆಗೆ ಸೇರುವ ಸಂದಿಯನ್ನು ಹಿಂದಿನ ಹಲ್ಲಿನವರೆಗೂ ನೋಡುತ್ತಾರೆ. ನಮ್ಮವರು ಕಡ್ಡಿಪುಡಿ, ಗುಟ್ಕಾ ಒತ್ತಿಡುವುದು ಅಲ್ಲೇ, ನಮ್ಮ ದೇಶದಲ್ಲಿ ಕ್ಯಾನ್ಸರ್ ಹೆಚ್ಚಾಗಿ ಏಳುವುದೂ ಅಲ್ಲೇ. ನಾಲಿಗೆಯ ತುದಿಯನ್ನು ಗಾಜ್‌ನಲ್ಲಿ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆದು ಅಂಚು ನೋಡುತ್ತಾರೆ. ನಾಲಿಗೆ ಮೇಲೆತ್ತಿಸಿ ಅಡಿಭಾಗವನ್ನು ಒಳಗಿಂದ ಒಂದು ಬೆರಳು, ಹೊರಗೆ ಗದ್ದದ ಕೆಳಗಿಂದ ಇನ್ನೊಂದು ಕೈ ಇಟ್ಟು ಒತ್ತಿ ನೋಡುತ್ತಾರೆ. ಕೊನೆಗೆ ಕುತ್ತಿಗೆಯ ಗಂಟು ತಡವುತ್ತಾರೆ. ಕೆಲವರು ನೀಲಿ ಬಣ್ಣದ ದ್ರಾವಣ ಹಚ್ಚುತ್ತಾರೆ, ಅದು ಎಲ್ಲಿಂದ ಚೂರು ತೆಗೆಯಬೇಕು ಅನ್ನುವುದಕ್ಕೆ ಸಹಾಯ ಅಷ್ಟೇ, ಬಯಾಪ್ಸಿಗೆ ಬದಲಿ ಆಗುವುದಿಲ್ಲ.

ಇಷ್ಟು ಸರಳ ತಪಾಸಣೆಯಿಂದ ಪ್ರಯೋಜನ ಇದೆಯಾ ಅಂದರೆ, ಪಕ್ಕದ ಕೇರಳದಲ್ಲೇ ಉತ್ತರ ಸಿಕ್ಕಿದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಶುರುವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು ಅಥವಾ ಕುಡಿತದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್‌ನಿಂದ ಸಾಯುವುದು ಶೇ. 34ರಷ್ಟು ಕಡಿಮೆಯಾಯಿತು. 2005ರಲ್ಲಿ ಅದರ ಫಲಿತಾಂಶ ಬಂತು. ದಂತ ಕಾಲೇಜಿಗೆ ಹೋದರೆ ಹೊಸ ರೋಗಿಗಳನ್ನು ಮೊದಲು ಬಾಯಿಯ ಕಾಯಿಲೆಗಳನ್ನು ನೋಡುವ ಓರಲ್ ಮೆಡಿಸಿನ್ ವಿಭಾಗಕ್ಕೇ ಕಳಿಸುತ್ತಾರೆ, ಖರ್ಚೂ ಕಡಿಮೆ. ಕ್ಲಿನಿಕ್‌ಗೆ ಯಾವ ಕೆಲಸಕ್ಕೆ ಹೋದರೂ "ಬಾಯಿ ಪೂರ್ತಿ ಒಮ್ಮೆ ನೋಡಿಬಿಡಿ" ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಬರೀ ಹಲ್ಲು ನೋಡಿ ಕಳಿಸುವವರೂ ಇದ್ದಾರೆ, ನನ್ನ ವೃತ್ತಿಯವರೇ.

ಪ್ರಶ್ನೆ: ಅಮ್ಮನ ದವಡೆ ಹಲ್ಲು ಅಲುಗಾಡುತ್ತಿತ್ತು, ಕೀಳಿಸಿದೆವು. ಒಂದು ತಿಂಗಳಾಯಿತು, ಗಾಯ ಮಾಗಿಲ್ಲ. ಮಾಂಸ ಬೆಳೆದ ಹಾಗಿದೆ.

ಇವತ್ತೇ ಹೋಗಿ. ಹಲ್ಲು ಕಿತ್ತ ಜಾಗ ಎರಡು ಮೂರು ವಾರದಲ್ಲಿ ಮೇಲಿಂದ ಮುಚ್ಚಿಕೊಳ್ಳಬೇಕು. ಸಕ್ಕರೆ ಕಾಯಿಲೆ, ಸೋಂಕು ಕಾರಣ ಇರಬಹುದು. ಆದರೆ ಕೆಲವೊಮ್ಮೆ ಒಸಡಿನಲ್ಲಿ ಬೆಳೆದ ಗಡ್ಡೆಯಿಂದಲೇ ಹಲ್ಲು ಸಡಿಲವಾಗಿರುತ್ತದೆ. ಇನ್ನೊಂದು ಆ್ಯಂಟಿಬಯಾಟಿಕ್ ಕೋರ್ಸ್ ಬರೆದು ಕಳಿಸಿದರೆ ಒಪ್ಪಬೇಡಿ, ಎಕ್ಸ್‌ರೇ ಮತ್ತು ಬಯಾಪ್ಸಿ ಕೇಳಿ.

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಕ್ಲಿನಿಕ್ ಇಟ್ಟಿರುವ ದಂತವೈದ್ಯೆ. ಅನುಮಾನದ ಹುಣ್ಣು ಕಂಡು ಹೇಳಿದರೆ ಪೇಷಂಟ್ ಮತ್ತೆ ಬರುವುದೇ ಇಲ್ಲ ಮೇಡಂ. ಹೇಗೆ ಹೇಳಬೇಕು?

ಕ್ಯಾನ್ಸರ್ ಪದದಿಂದ ಶುರು ಮಾಡಬೇಡಿ. ಮುಚ್ಚಿಡಲೂಬೇಡಿ. ಕನ್ನಡಿ ಕೈಗೆ ಕೊಟ್ಟು ಅವರ ಕಣ್ಣಿಗೇ ಮಚ್ಚೆ ತೋರಿಸಿ, ಅವರ ಫೋನಿನಲ್ಲೇ ಫೋಟೋ ತೆಗೆದುಕೊಡಿ. ಮನೆಯವರಿಗೆ ತೋರಿಸಲು ಅವರ ಹತ್ತಿರ ಏನಾದರೂ ಇರಬೇಕು ಅಲ್ವಾ. ಚೂಪಾದ ಹಲ್ಲು ತಾಗಿ ಆದ ಹುಣ್ಣು ಅನ್ನಿಸಿದರೆ ಹಲ್ಲು ನುಣ್ಣಗೆ ಮಾಡಿ, ಎರಡು ವಾರಕ್ಕೆ ತಾರೀಖು ಕೊಡಿ, ಆಗಲೂ ಇದ್ದರೆ ಮತ್ತೆ ಮುಲಾಮು ಕೊಡದೆ ಮುಂದೆ ಕಳಿಸಿ. ಕೆಂಪು ಮಚ್ಚೆ, ಗಟ್ಟಿ ಅಂಚು, ಕುತ್ತಿಗೆಯಲ್ಲಿ ಗಂಟು ಇದ್ದರೆ ಎರಡು ವಾರವೂ ಕಾಯಬೇಡಿ.

"ಬೆಂಗಳೂರಿಗೆ ಹೋಗಿ" ಅಂದರೆ ಹಳ್ಳಿಯವರು ಹೋಗುವುದಿಲ್ಲ. ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಯಾವ ವಿಭಾಗ, ಏನು ಕಾಗದ ಬೇಕು ಎಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಿ. ಹತ್ತಿರದ ದಂತ ಕಾಲೇಜಿನಲ್ಲೇ ಬಯಾಪ್ಸಿ ಆಗುವುದಾದರೆ ಮೊದಲು ಅಲ್ಲಿಗೇ ಕಳಿಸಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ ಎನ್ನುವುದನ್ನೂ ಹೇಳಿ. ತುಂಬಾ ಜನ ಕಾಣೆಯಾಗುವುದು ದುಡ್ಡಿನ ಭಯಕ್ಕೆ. ತಂಬಾಕು ಬಿಡಲು 1800-11-2356 ಉಚಿತ ಸಹಾಯವಾಣಿ ಇದೆ, ಅದನ್ನೂ ಚೀಟಿಯ ಹಿಂದೆ ಬರೆಯಿರಿ.

ಮತ್ತೆ ಒಂದು ಕೆಲಸ. ಅನುಮಾನ ಬಂದ ದಿನವೇ ಪೇಷಂಟ್ ನಂಬರ್ ಜೊತೆ ಮಗಳದೋ ಸೊಸೆಯದೋ ನಂಬರ್ ಬರೆದುಕೊಳ್ಳಿ. ಹತ್ತು ದಿನ ಬಿಟ್ಟು ನೀವೇ ಫೋನ್ ಮಾಡಿ, "ಹೋಗಿ ಬಂದರಾ?" ಎಂದು ಕೇಳಿ. ಅವರು ಎತ್ತದಿದ್ದರೆ ಎರಡನೇ ನಂಬರ್‌ಗೆ ಮಾಡಿ.